ಪಕ್ಕದ ಸೀಟಿನ ಬ್ರೇಕು

ಕೆಲವರು ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟುತ್ತಾರೆ ಅನ್ನುತ್ತಾರಲ್ಲ, ನಮ್ಮ ಡ್ರೈವಿಂಗ್ ಮೇಷ್ಟ್ರು ಆ ಪೈಕಿ. ಐವತ್ತಮೂರು ವರ್ಷದ ಈ ಮನುಷ್ಯ ಒಂದು ಲೋಟ ಚಹಾವನ್ನು ಕೂತು ಕುಡಿದು ಮುಗಿಸಿದ್ದನ್ನು ಕಂಡವರಿಲ್ಲ. ಎರಡು ಗುಟುಕು ಒಳಗೆ ಹೋಗುವಷ್ಟರಲ್ಲಿ ಫೋನು. ಫೋನಿನಲ್ಲಿ ಮಾತಾಡುತ್ತಲೇ ಕಾರಿನ ಗಾಜು ಒರೆಸುವುದು. ಗಾಜು ಒರೆಸುತ್ತಿರುವ ಹಾಗೇ ಎದುರುಮನೆಯ ಗೇಟಿನ ಚಿಲಕ ಸಡಿಲವಾಗಿದ್ದು ಕಣ್ಣಿಗೆ ಬಿದ್ದು, ಸ್ಕ್ರೂಡ್ರೈವರ್ ಹಿಡಿದು ಅಲ್ಲಿಗೆ ಓಟ. ಚಹಾ ಬಾನೆಟ್ಟಿನ ಮೇಲೆ ತಣ್ಣಗಾಗಿ ಕೆನೆ ಕಟ್ಟಿಕೊಂಡು ಕೂತಿರುತ್ತಿತ್ತು. ಹೆಂಡತಿ ಅದನ್ನು ಚೆಲ್ಲಿ ಲೋಟ ತೊಳೆದಿಡುತ್ತಿದ್ದಳು. ಇರಲಾರದೆ ಇರುವೆ ಬಿಟ್ಟುಕೊಂಡ ಅನ್ನುವ ಗಾದೆಯನ್ನು ಯಾರೋ ಇವರನ್ನು ನೋಡಿಯೇ ಕಟ್ಟಿರಬೇಕು.

"ಏನ್ ಮಾಡೋದು ಹೇಳಿ, ಸಾಯೋಕೂ ಪುರುಸೊತ್ತಿಲ್ಲ" ಎನ್ನುತ್ತಿದ್ದರು ಮೇಷ್ಟ್ರು, ಯಾರೋ ಬಹುಮಾನ ಕೊಟ್ಟ ಹಾಗೆ ಹಿಗ್ಗಿ.

ಅವರ ಶಾಲೆ ಅಂದರೆ ಮನೆಯ ಮುಂದಿನ ಒಂದು ಕೋಣೆ, ಒಂದು ಮೇಜು, ಒಂದು ಬಿಳಿ ಕಾರು. ಕಲಿಸುವ ಕಾರಾದ್ದರಿಂದ ಪಕ್ಕದ ಸೀಟಿನಲ್ಲಿ ಮೇಷ್ಟ್ರ ಕಾಲ ಬಳಿಯೂ ಒಂದು ಬ್ರೇಕು. ಕಲಿಯುವವರು ಗಾಬರಿಯಾಗಿ ಎಡವಟ್ಟು ಮಾಡಿದರೆ ಮೇಷ್ಟ್ರು ಅದನ್ನೊತ್ತಿ ಗಾಡಿ ನಿಲ್ಲಿಸಬೇಕು, ಅಷ್ಟಕ್ಕೆ ಅದು. ಇಪ್ಪತ್ತು ವರ್ಷದಲ್ಲಿ ಸಾವಿರಾರು ಜನ ಆ ಕಾರಿನಲ್ಲಿ ಕಲಿತಿದ್ದರು, ಕಾರಿಗೆ ಒಂದು ಗೀರು ಬಿದ್ದಿರಲಿಲ್ಲ. ನಂಬದವರನ್ನು ಮೇಷ್ಟ್ರು ಕೈಹಿಡಿದು ಕಾರಿನ ಸುತ್ತ ಒಂದು ಸುತ್ತು ಹಾಕಿಸಿ ತೋರಿಸುತ್ತಿದ್ದರು.

ತೋರಿಸದೆ ಉಳಿಸಿಕೊಂಡ ಲೆಕ್ಕ ಇನ್ನೊಂದಿತ್ತು. ಇವರ ಹತ್ತಿರ ಕಲಿತವರು ಮೊದಲ ಸಲಕ್ಕೇ ಪರೀಕ್ಷೆ ಪಾಸಾದದ್ದು ಅಪರೂಪ. ಅದಕ್ಕೆ ಕಾರಣಗಳು ನಾಲಿಗೆ ತುದಿಯಲ್ಲೇ ಇರುತ್ತಿದ್ದವು. ಪರೀಕ್ಷಕ ಸಿಡುಕ, ಪರೀಕ್ಷೆಯ ಕಾರಿನ ಕ್ಲಚ್ಚು ಬಿಗಿ, ಆ ರಸ್ತೆ ಇಳಿಜಾರು. ಕೊನೆಗೊಂದು, "ಈಗಿನವರಿಗೆ ಗಮನ ಅನ್ನೋದೇ ಇಲ್ಲ ಬಿಡಿ." ಇದನ್ನು ಹೇಳುವಾಗಲೂ ಅವರ ಹೆಬ್ಬೆರಳು ಫೋನಿನ ಮೇಲೆ ಓಡುತ್ತಲೇ ಇರುತ್ತಿತ್ತು. ಬೆನ್ನ ಹಿಂದೆ ಬೀದಿಯವರೆಲ್ಲ ಅವರನ್ನು 'ಬ್ರೇಕ್ ಮೇಷ್ಟ್ರು' ಅಂತಿದ್ದರು. ಅದು ಅವರೊಬ್ಬರಿಗೆ ಗೊತ್ತಿರಲಿಲ್ಲ.

ಈಗ ಪರೀಕ್ಷೆಗೆ ನಿಂತವಳು ಬೇರೆ ಯಾರೂ ಅಲ್ಲ, ಅವರ ಹೆಂಡತಿಯೇ. ಇಪ್ಪತ್ತೆರಡು ವರ್ಷದಿಂದ ಒಂದು ಕ್ಲಿನಿಕ್ಕಿನಲ್ಲಿ ನರ್ಸು. ಹಾಸಿಗೆ ಹಿಡಿದವರ ಮನೆಗೇ ಹೋಗಿ ನೋಡಿಕೊಳ್ಳುವ ಹೊಸ ಕೆಲಸವೊಂದು ಅಲ್ಲಿ ಹುಟ್ಟಿಕೊಂಡಿತ್ತು. ಕಾರು ಕ್ಲಿನಿಕ್ಕಿನದೇ, ಲೈಸೆನ್ಸು ಮಾತ್ರ ನರ್ಸಿನದಾಗಿರಬೇಕು. ಅವಳಿಗೆ ಆ ಕೆಲಸ ಬೇಕೇ ಬೇಕಿತ್ತು. ವಾರ್ಡಿನಲ್ಲಿ ನಿಂತು ನಿಂತು ಸಾಕಾಗಿತ್ತು ಅನ್ನುವುದೊಂದಾದರೆ, ಬದುಕಿನಲ್ಲಿ ಒಮ್ಮೆಯಾದರೂ ತಾನೇ ಬಾಗಿಲು ತೆಗೆದು ತಾನೇ ಹೊರಟುಬಿಡಬೇಕು ಅನ್ನುವ ಆಸೆ ಇನ್ನೊಂದು. ಆದರೆ ಡ್ರೈವಿಂಗ್ ಮೇಷ್ಟ್ರ ಹೆಂಡತಿ ಮೂರು ಸಲ ಫೇಲು! ಜನ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಹಿರಿಯ ನರ್ಸು ಖಡಾಖಂಡಿತವಾಗಿ ಹೇಳಿದ್ದಳು. "ಶುಕ್ರವಾರದೊಳಗೆ ಲೈಸೆನ್ಸ್ ತೋರಿಸು. ಇಲ್ಲಾಂದ್ರೆ ಕೆಲಸ ಬೇರೆಯವರಿಗೆ." ನಾಲ್ಕನೇ ಪರೀಕ್ಷೆ ಇದ್ದದ್ದು ಗುರುವಾರ.

ಮೂರು ಸಲವೂ ತಪ್ಪು ಒಂದೇ. ನಾಲ್ಕು ರಸ್ತೆ ಕೂಡುವ ಕಡೆ ಅವಳು ಬ್ರೇಕ್ ಒತ್ತುವುದು ತಡವಾಗಿ, ಪರೀಕ್ಷಕ ಕೈಬ್ರೇಕ್ ಎಳೆಯಬೇಕಾಗುತ್ತಿತ್ತು.

"ಗಾಡಿ ತಾನಾಗೇ ನಿಧಾನ ಆಗುತ್ತೆ ಅಂತ ನನ್ನ ಕಾಲು ಕಾಯುತ್ತೆ ರೀ" ಎಂದಳು ಅವಳು. "ನಮ್ಮ ಕಾರಲ್ಲಿ ನಾನು ಒತ್ತೋಕೆ ಮುಂಚೆ ನೀವೇ ಒತ್ತಿಬಿಡ್ತೀರಲ್ಲ."

"ನಾನಾ? ನಾನೆಲ್ಲೇ ಮುಟ್ಟಿದೆ? ನನ್ನ ಕಾಲು ನೆಲದ ಮೇಲಿರುತ್ತೆ! ಕುಣಿಯೋಕೆ ಬರದವಳು ನೆಲ ಡೊಂಕು ಅಂದಳಂತೆ. ಒಂದು ನಿಮಿಷ ಇರು, ಫೋನು..." ಮಾತು ಅಲ್ಲಿಗೆ ಮುಗಿಯಿತು.

ಮಂಗಳವಾರ ಸಂಜೆ ಸರ್ವೀಸಿಗೆ ಬಿಟ್ಟಿದ್ದ ಕಾರನ್ನು ತರಲು ಮೇಷ್ಟ್ರು ಗ್ಯಾರೇಜಿಗೆ ಹೋದರು. ಹೆಂಡತಿಯೂ ಕ್ಲಿನಿಕ್ಕಿನಿಂದ ನೇರವಾಗಿ ಅಲ್ಲಿಗೇ ಬಂದಳು. ಮೆಕ್ಯಾನಿಕ್ ಹಳೇ ಪರಿಚಯ, ಬಾಯಿ ಸ್ವಲ್ಪ ಉದ್ದ. ಬ್ರೇಕ್ ಪೆಡಲ್ಲಿಗೆ ಹೊದಿಸುವ ಎರಡು ರಬ್ಬರ್ ತುಂಡುಗಳನ್ನು ಅಂಗೈಯಲ್ಲಿಟ್ಟು ತೋರಿಸಿದ.

"ನೋಡಿ ಮೇಷ್ಟ್ರೇ, ಇದು ಕಲಿಯೋರ ಬ್ರೇಕಿಂದು. ಇನ್ನೂ ಮದುಮಗಳ ಹಾಗಿದೆ. ಇದು ನಿಮ್ಮ ಬದಿದು. ಸವೆದು ಸವೆದು ಒಳಗಿನ ಕಬ್ಬಿಣ ಹಲ್ಲು ಕಿಸೀತಿದೆ. ಇದು ನಾನು ಹಾಕಿದ ಮೂರನೇದು. ಕಾರು ಓಡಿಸ್ತಿರೋದು ಯಾರು?"

ಹೆಂಡತಿ ತುಟಿ ಕಚ್ಚಿಕೊಂಡಳು. ಮೇಷ್ಟ್ರು ಬಡಪೆಟ್ಟಿಗೆ ಬಗ್ಗುವವರಲ್ಲ. "ಈಗ ಬರೋ ರಬ್ಬರೇ ಕಳಪೆ ಬಿಡು" ಎಂದರು.

"ರಬ್ಬರ್ ಹಾಳಾಗಲಿ, ಆ ಕೇಬಲ್ ವಿಷ್ಯ ಹೇಳ್ಬೇಕು..." ಎಂದು ಅವನು ಶುರುಮಾಡಿದ. ಸರಿಯಾಗಿ ಅದೇ ಹೊತ್ತಿಗೆ ಫೋನು ಬಂತು. ಮೇಷ್ಟ್ರು ಫೋನನ್ನು ಕಿವಿಗಿಟ್ಟುಕೊಂಡು ಗ್ಯಾರೇಜಿನ ಬಾಗಿಲ ತನಕ ನಡೆದರು. ಮೆಕ್ಯಾನಿಕ್ ಹಿಂದೆಯೇ ಹೋಗಿ ಕೈಬಾಯಿ ತಿರುಗಿಸಿ ಏನೇನೋ ಹೇಳಿದ. ಮೇಷ್ಟ್ರು ತಲೆ ಅಲ್ಲಾಡಿಸಿದರು, ಹೆಬ್ಬೆರಳು ಎತ್ತಿ ತೋರಿಸಿದರು, "ಆಯ್ತಾಯ್ತು" ಎಂದರು. ಅದು ಇವನಿಗೋ ಫೋನಿನಲ್ಲಿದ್ದವನಿಗೋ ದೇವರಿಗೇ ಗೊತ್ತು. ಕೋಣನ ಮುಂದೆ ಕಿನ್ನರಿ ಬಾರಿಸಿ ಸುಸ್ತಾದ ಮೆಕ್ಯಾನಿಕ್ ಮೇಷ್ಟ್ರ ಹೆಂಡತಿಯ ಕಡೆ ತಿರುಗಿದ. ಅವಳು ನಿಂತು ಪೂರ್ತಿ ಕೇಳಿಸಿಕೊಂಡಳು.

ಬುಧವಾರ ಮಧ್ಯಾಹ್ನ ಕೊನೆಯ ಅಭ್ಯಾಸ. ಅವಳು ಸೀಟು ಸರಿಮಾಡಿಕೊಂಡಳು, ಕನ್ನಡಿ ನೋಡಿಕೊಂಡಳು. ಯಾಕೋ ಹೊರಡುವ ಮೊದಲು ಒಂದು ಕ್ಷಣ ಸುಮ್ಮನೆ ಕೂತಳು. "ಹೂಂ, ನಡಿ ನಡಿ, ನಾನಿದ್ದೀನಲ್ಲ" ಎಂದರು ಮೇಷ್ಟ್ರು.

ಆ ಒಂದು ಗಂಟೆ ಏನು ಹೇಳಲಿ! ಮೇಷ್ಟ್ರ ಕಣ್ಣು ಅರ್ಧ ಫೋನಿನಲ್ಲಿ, ಅರ್ಧ ರಸ್ತೆಯಲ್ಲಿ. ಬಸ್ ನಿಲ್ದಾಣದ ಎದುರು ಯಾರೋ ಮಗುವಿನ ಗಾಡಿ ತಳ್ಳಿಕೊಂಡು ರಸ್ತೆಗಿಳಿದರು. ಮೇಷ್ಟ್ರು ಧಡಕ್ಕನೆ ಒತ್ತಿದರು, ಕಾರು ನಿಂತಿತು. "ನೋಡಿದ್ಯಾ, ನಾನಿಲ್ಲದಿದ್ರೆ?" ಮುಂದೆ ಒಂದು ಲಾರಿ ಹಿಂದಕ್ಕೆ ಬಂತು. ಒತ್ತಿದರು, ನಿಂತಿತು. "ಕಣ್ಣು ಎಲ್ಲಿಟ್ಟಿದ್ದೀಯೇ?" ಕೆಂಪು ದೀಪ, ಶಾಲೆಯ ಮಕ್ಕಳ ಸಾಲು, ಸೈಕಲ್ಲು, ನಾಯಿ. ಒತ್ತಿದರು, ಒತ್ತಿದರು, ಒತ್ತಿದರು. ಹೆಂಡತಿಯ ಕುತ್ತಿಗೆಯ ಮೇಲೆ ಬೆವರು ಸಣ್ಣಗೆ ಇಳಿಯುತ್ತಿತ್ತು, ಕಣ್ಣು ಮಾತ್ರ ರಸ್ತೆ ಬಿಟ್ಟು ಅಲುಗಲಿಲ್ಲ.

ಮನೆ ಮುಂದೆ ಕಾರು ನಿಂತಾಗ ಮೇಷ್ಟ್ರ ಮೊಣಕಾಲು ನೋಯುತ್ತಿತ್ತು. "ಇಪ್ಪತ್ತಾರು ಸಲ!" ಎಂದು ಕೂಗಾಡಿದರು. "ಇಪ್ಪತ್ತಾರು ಸಲ ನಾನು ಬ್ರೇಕ್ ಒತ್ತಿದೀನಿ. ನಾಳೆ ಹೋಗ್ಬೇಡ ಕಣೇ. ಮರ್ಯಾದೆ ಹೋಗುತ್ತೆ. ನಿನ್ನ ಕೈಲಿ ಆಗೋದಲ್ಲ ಇದು."

"ಮೊದಲ ಸಲ ಒಪ್ಪಿಕೊಂಡ್ರಲ್ಲ, ಒತ್ತುತ್ತೀನಿ ಅಂತ" ಎಂದಳು ಅವಳು. ಕೈಬ್ರೇಕ್ ಎಳೆದು ಇಂಜಿನ್ ಆರಿಸಿದಳು. "ನಿಮ್ಮ ಬದಿಯ ಬ್ರೇಕಿಗೆ ನಿನ್ನೆಯಿಂದ ಕೇಬಲ್ಲೇ ಇಲ್ಲ ರೀ."

ಮೇಷ್ಟ್ರು ನಕ್ಕರು. ಅವಳು ನಗಲಿಲ್ಲ. "ಸುಳ್ಳು" ಎಂದು ಬಗ್ಗಿ ಫೋನಿನ ಟಾರ್ಚು ಬಿಟ್ಟು ನೋಡಿದರು. ಪೆಡಲ್ಲಿತ್ತು, ಅದನ್ನು ಮೇಲಕ್ಕೆ ತಳ್ಳುವ ಸ್ಪ್ರಿಂಗಿತ್ತು. ಕೇಬಲ್ ಇರಬೇಕಾದ ಜಾಗದಲ್ಲಿ ಬರಿ ತೂತು. ಕೈಯಿಂದ ಒತ್ತಿದರು. ಪೆಡಲ್ಲು ಕೆಳಗೆ ಹೋಯಿತು, ಮೇಲೆ ಬಂತು. ಮತ್ತೆ ಒತ್ತಿದರು. ಗಾಳಿ ಗುದ್ದಿ ಮೈ ನೋಯಿಸಿಕೊಂಡ ಅನ್ನುತ್ತಾರಲ್ಲ, ಆ ಒಂದು ಗಂಟೆ ಪೂರ್ತಿ ಅವರು ಮಾಡಿದ್ದು ಅದನ್ನೇ.

"ಅಯ್ಯೋ ನಿನ್ನ! ಹೇಳೋದಲ್ವಾ? ಏನಾದ್ರೂ ಹೆಚ್ಚುಕಡಿಮೆ ಆಗಿದ್ರೆ?"

"ಮೆಕ್ಯಾನಿಕ್ ನಿಮಗೇ ಹೇಳಿದ್ದು. ಕೇಬಲ್ ಎಳೆ ಎಳೆಯಾಗಿತ್ತಂತೆ, ಬಿಚ್ಚಿ ತೆಗೆದಿದ್ದಾನೆ, ಹೊಸದು ಶುಕ್ರವಾರ ಬರುತ್ತೆ, ಅಲ್ಲೀವರೆಗೆ ಕಲಿಯೋರನ್ನ ಕೂರಿಸಬೇಡಿ ಅಂದ. ನೀವು ಹೆಬ್ಬೆರಳು ಎತ್ತಿದ್ರಿ." ಅವಳು ಸೀಟ್ ಬೆಲ್ಟ್ ಬಿಚ್ಚಿದಳು. "ನಾನು ಮಾಡಿದ್ದು ಸರಿ ಅಂತಲ್ಲ. ಹೊರಡುವಾಗ ನನಗೂ ಎದೆ ಡವಡವ ಅಂತಿತ್ತು. ಆದ್ರೆ ಬೇರೆ ದಾರಿ ಕಾಣ್ಲಿಲ್ಲ. ಆ ಇಪ್ಪತ್ತಾರು ಸಲ ಗಾಡಿ ನಿಲ್ಲಿಸಿದ್ದು ನಾನು ರೀ."

ಮೇಷ್ಟ್ರು ಬಾಯಿ ತೆರೆದರು. ಸ್ಪ್ರಿಂಗು, ರಸ್ತೆ, ಮೆಕ್ಯಾನಿಕ್ಕನ ಬೇಜವಾಬ್ದಾರಿ, ಕಾರಣಗಳು ಎಂದಿನಂತೆ ಸಾಲಾಗಿ ಬಂದವು. ಒಂದೂ ಬಾಯಿ ದಾಟಲಿಲ್ಲ.

"ಇನ್ನೊಂದು ಮಾತು" ಎಂದಳು ಹೆಂಡತಿ ಇಳಿಯುತ್ತಾ. "ನಾಳೆ ನೀವು ಬರಬೇಡಿ. ನೀವು ಕಣ್ಣಿಗೆ ಬಿದ್ರೆ ನನ್ನ ಕಾಲು ಮತ್ತೆ ನಿಮ್ಮನ್ನ ಕಾಯುತ್ತೆ."

ಗುರುವಾರ ಬೆಳಿಗ್ಗೆ ಅವಳು ಬಸ್ಸು ಹಿಡಿದು ಹೋದಳು. ಮೇಷ್ಟ್ರು ಮನೆಯಲ್ಲಿ ಒಬ್ಬರೇ. ಪರೀಕ್ಷೆ ಹತ್ತೂವರೆಗೆ. ಒಂಬತ್ತಕ್ಕೆ ಬಚ್ಚಲಿನ ನಲ್ಲಿ ಬಿಚ್ಚಿದರು, ಅದು ಚೆನ್ನಾಗಿಯೇ ಇತ್ತು, ಜೋಡಿಸಿದ ಮೇಲೆ ತೊಟ್ಟಿಕ್ಕತೊಡಗಿತು. ಕಾರು ತೊಳೆದರು. ತೊಳೆದ ಕಾರನ್ನೇ ಮತ್ತೆ ಒರೆಸಿದರು. ಫೋನು ತೆಗೆದು ಯಾರೋ ಕಳಿಸಿದ ಆರು ವಿಡಿಯೋ ನೋಡಿದರು, ಏಳನೆಯದು ನೋಡುವಾಗ ಮೊದಲಿನ ಆರರಲ್ಲಿ ಏನಿತ್ತೆಂದು ನೆನಪಿಗೇ ಬರಲಿಲ್ಲ. ಫೋನನ್ನು ಮೇಜಿನ ಮೇಲೆ ಬೋರಲು ಹಾಕಿ ಕೂತರು.

ಕೂತಾಗ ಕಂಡಿತು. ಮೇಜಿನ ಕೆಳಗೆ ಅವರ ಕಾಲು ತನ್ನಷ್ಟಕ್ಕೆ ನೆಲ ಒತ್ತುತ್ತಿತ್ತು. ಬೀದಿಯಲ್ಲಿ ಗಾಡಿ ಸದ್ದಾದರೆ ಒತ್ತುತ್ತಿತ್ತು, ಪಕ್ಕದ ಮನೆಯ ಬಾಗಿಲು ಬಡಿದರೆ ಒತ್ತುತ್ತಿತ್ತು. ಮೇಷ್ಟ್ರು ಎರಡೂ ಕೈಯಿಂದ ಮೊಣಕಾಲು ಹಿಡಿದುಕೊಂಡರು. ಕೈಬಿಟ್ಟರೆ ಮತ್ತೆ ಅದೇ. ಅಬ್ಬಾ, ಇದೇನು ಇದು, ಎಷ್ಟು ವರ್ಷದಿಂದ ಹೀಗೆ? ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ಭಯ ಬಂತು, ಬಂತು ಅನ್ನುವುದಕ್ಕಿಂತ ಅದು ಅಲ್ಲೇ ಇತ್ತು. ಪಕ್ಕದವರು ಸ್ಟೀರಿಂಗ್ ಹಿಡಿದ ಕ್ಷಣದಿಂದ ಇಳಿಯುವ ತನಕ ತಮ್ಮ ಜೀವ ಅಂಗೈಯಲ್ಲಿರುತ್ತಿತ್ತು. ಧೈರ್ಯ ಹೇಳಿಕೊಡುವ ಮೇಷ್ಟ್ರೇ ಬೀದಿಗೆಲ್ಲ ದೊಡ್ಡ ಪುಕ್ಕಲ. ಅದು ತಮ್ಮ ಕಣ್ಣಿಗೇ ಬೀಳದಿರಲಿ ಎಂದೇ ಇಷ್ಟೆಲ್ಲ ಓಡಾಟ, ಇಷ್ಟೆಲ್ಲ ಚಿಲಕ, ನಲ್ಲಿ, ಫೋನು.

ಆಮೇಲೆ ಒಬ್ಬೊಬ್ಬರೇ ನೆನಪಿಗೆ ಬಂದರು. ಬೇಕರಿಯವನು, ಹೊಲಿಗೆಯವಳು, ಅಂಚೆಯಣ್ಣ. 'ನಿಮ್ಮ ಕೈಲಿ ಆಗಲ್ಲ' ಎಂದು ಎಷ್ಟು ಜನಕ್ಕೆ ಹೇಳಿರಬಹುದು? ಅವರಲ್ಲಿ ಒಬ್ಬರ ನೆನಪು ಮುಳ್ಳಿನ ಹಾಗೆ ಚುಚ್ಚಿತು. ನಿವೃತ್ತರಾದ ಲೆಕ್ಕದ ಟೀಚರು. ತೀರಿಕೊಂಡ ಗಂಡನ ಕಾರನ್ನು ತಾವೇ ಓಡಿಸಬೇಕೆಂದು ಬಂದಿದ್ದರು. ನಾಲ್ಕು ಸಲ ಫೇಲಾದಾಗ ಮೇಷ್ಟ್ರೇ ಹೇಳಿದ್ದರು, "ಕೆಲವರಿಗೆ ಇದು ಬರಲ್ಲ ಮೇಡಂ, ಕಾರು ಮಾರಿಬಿಡಿ." ಅವರು ಮಾರಿಬಿಟ್ಟರು.

ಹತ್ತು ಐವತ್ತಕ್ಕೆ ಮೇಷ್ಟ್ರು ಅವರಿಗೆ ಫೋನು ಮಾಡಿದರು. ನಮಸ್ಕಾರ, ಆರೋಗ್ಯ ಎಲ್ಲ ಆಯಿತು. ಆಮೇಲೆ ಒಂದೇ ಉಸಿರಿಗೆ ಹೇಳಿಬಿಟ್ಟರು. "ಮೇಡಂ, ತಪ್ಪು ನಿಮ್ಮದಾಗಿರಲಿಲ್ಲ. ಬ್ರೇಕು ನಾನು ಒತ್ತುತ್ತಿದ್ದೆ. ನೀವು ಕಲಿಯೋಕೆ ನಾನು ಬಿಡಲೇ ಇಲ್ಲ. ನನಗೆ ಈಗ ಗೊತ್ತಾಯ್ತು."

"ನನಗೆ ಆಗಲೇ ಗೊತ್ತಿತ್ತು ಮೇಷ್ಟ್ರೇ" ಎಂದರು ಟೀಚರು. "ನಿಮ್ಮ ಕಾಲು ಕಾಣ್ತಿತ್ತಲ್ಲ."

"ಹೇಳಬಾರದಿತ್ತಾ ಮೇಡಂ?"

"ಹೇಳಿದ್ದೆ. ಮೂರು ಸಲ ಹೇಳಿದ್ದೆ. ಮೂರು ಸಲವೂ ನಿಮಗೆ ಫೋನ್ ಬಂತು."

ಕಿವಿಯಲ್ಲಿ ಟುಕ್ ಟುಕ್ ಎಂದು ಇನ್ನೊಂದು ಕರೆ. ಫೋನು ಸರಿಸಿ ನೋಡಿದರು, ಹೆಂಡತಿ. ಪರೀಕ್ಷೆ ಮುಗಿದಿದೆ. ಮೇಷ್ಟ್ರ ಹೆಬ್ಬೆರಳು ಹಸಿರು ಗುಂಡಿಯ ಮೇಲೆ ಹೋಗಿ ನಿಂತಿತು.

"ಯಾರೋ ಕರೀತಿರೋ ಹಾಗಿದೆ, ಎತ್ಕೊಳ್ಳಿ" ಎಂದರು ಟೀಚರು. ಬೇಸರವೇನಿರಲಿಲ್ಲ, ಅಭ್ಯಾಸವಾದವರ ದನಿ.

"ಇರಲಿ ಮೇಡಂ. ನೀವು ಹೇಳಿ."

ಟೀಚರು ಹೇಳಿದರು. ಕಾಯಿಲೆ ಬಿದ್ದ ಅಕ್ಕನನ್ನು ನೋಡಲು ಎರಡು ಬಸ್ಸು ಬದಲಿಸಿ ಹೋಗುವುದನ್ನು ಹೇಳಿದರು. ಕಾರು ಕೊಂಡವರು ಅದೇ ಬೀದಿಯಲ್ಲಿ ಅದನ್ನು ಓಡಿಸಿಕೊಂಡು ಹೋಗುವುದನ್ನು ಹೇಳಿದರು. "ನಿಮ್ಮ ಮೇಲೆ ಸಿಟ್ಟಿಲ್ಲ. ನೀವಂದದ್ದನ್ನ ನಂಬಿಬಿಟ್ಟೆನಲ್ಲ, ನನ್ನ ಮೇಲೇ ಸಿಟ್ಟು." ಮೇಷ್ಟ್ರು ಅಡ್ಡಬಾಯಿ ಹಾಕಲಿಲ್ಲ. ಹೆಂಡತಿಯ ಕರೆ ಬಂದು ನಿಂತಿತು, ಮತ್ತೆ ಬಂತು, ಮತ್ತೆ ನಿಂತಿತು. ಕಾಲು ಮೇಜಿನಡಿ ಒತ್ತುತ್ತಲೇ ಇತ್ತು. ಒತ್ತುತ್ತಿದೆ ಎಂದು ಈಗ ಅವರಿಗೆ ತಿಳಿಯುತ್ತಿತ್ತು.

ಟೀಚರು ಫೋನಿಟ್ಟ ಮೇಲೆ ಹೆಂಡತಿಗೆ ಮಾಡಿದರು.

"ಪಾಸು ರೀ!" ಅವಳು ಹೆಚ್ಚುಕಡಿಮೆ ಕಿರುಚಿದಳು. ಹಿಂದೆ ರಸ್ತೆಯ ಸದ್ದು. "ಒಂದು ತಪ್ಪೂ ಹಿಡೀಲಿಲ್ಲ ಆ ಸಿಡುಕಪ್ಪ! ಅಲ್ಲ, ಎಷ್ಟು ಸಲ ಮಾಡಿದೆ, ಯಾಕೆ ಎತ್ತಲಿಲ್ಲ? ಯಾರ ಹತ್ರ ಅಷ್ಟು ಹೊತ್ತು ಮಾತು?"

"ಮಾತಾಡ್ತಿರಲಿಲ್ಲ ಕಣೇ" ಎಂದರು ಮೇಷ್ಟ್ರು. "ಕೇಳಿಸಿಕೊಳ್ತಿದ್ದೆ."

"ನೀವಾ?" ಎಂದಳು ಹೆಂಡತಿ.