ಮುಚ್ಚದ ರೆಪ್ಪೆ

ತೆಲಸಂಗದ ಕುರಿಗಾರ ಭೀಮಸಿ ಹುಟ್ಟಿದಾಗಿನಿಂದ ಸೆರೆ-ಹೆಂಡ ಮುಟ್ಟಿದವನಲ್ಲ. ಬೀಡಿಯೊಂದೇ ಅವನ ಚಟ. ಆದರೂ ಹೋದ ಬೇಸಿಗೆಯಲ್ಲಿ ಊರೆಲ್ಲ ಅವನನ್ನು ಕುಡುಕನೆಂದೇ ನಂಬಿತು. ಕಣ್ಣು ಕೆಂಪಗೆ, ಕೈ ನಡುಕ, ತಿಂದದ್ದು ಮೈಗೆ ಹತ್ತದೆ ಅಂಗಿ ಜೋಲಾಡುತ್ತಿತ್ತು. ಕಣ್ಣುಗುಡ್ಡೆಗಳು ಮುಂದೆ ಬಂದು, ಸುಮ್ಮನೆ ನೋಡಿದರೂ ಸಿಟ್ಟಿನಿಂದ ದಿಟ್ಟಿಸಿದಂತೆ ಕಾಣುತ್ತಿತ್ತು. ಬಯಲ ಗಾಳಿಗೆ ಕಣ್ಣಲ್ಲಿ ಉಸುಕು ತುಂಬಿದಂಥ ಉರಿ. ಮರುಗಳಿಗೆ ದಳದಳ ನೀರು. ಉಣ್ಣೆ ಕತ್ತರಿಸುವಾಗ ಒಂದು ಕುರಿಗೆ ಗಾಯವಾದ ದಿನ ತಮ್ಮ ಮಾಳು ಕತ್ತರಿ ಕಸಿದುಕೊಂಡ.

"ಕುಡದ್ ಬಂದು ಮೂಕಪ್ರಾಣಿ ಕೊಲ್ತಿ ಏನ?"

ಭೀಮಸಿಗೆ ಕುಡಿದಿಲ್ಲವೆಂದು ಆಣೆ ಮಾಡಿ ಮಾಡಿ ಸಾಕಾಗಿತ್ತು. ಹೆಂಡತಿ ತಾರವ್ವ ಕೂಡ ಬಾಯಿ ಮೂಸಿ ನೋಡಿದ ದಿನ ಮಾತ್ರ ಅವನು ರೊಟ್ಟಿ ಬಿಟ್ಟು ಎದ್ದುಹೋದ.

ಒಂದು ಮಧ್ಯಾಹ್ನ ಅವನು ಬೇವಿನ ನೆರಳಲ್ಲಿ ಮಲಗಿದ್ದ. ಬುತ್ತಿ ತಂದ ತಾರವ್ವ ಕರೆದಳು. ಕಣ್ಣು ತೆರೆದಿದ್ದವು, ಆದರೆ ಗೊರಕೆ ಕೇಳುತ್ತಿತ್ತು. ಬಾಗಿ ನೋಡಿದಳು. ರೆಪ್ಪೆಗಳು ಕೂಡಿರಲಿಲ್ಲ, ನಡುವಿನ ಬಿಳುಪಿನ ಮೇಲೆ ಧೂಳು ಕೂತಿತ್ತು.

"ಏಳ್ರಿ! ಇದು ಸೆರೆ ಅಲ್ಲ, ಏನೋ ಬ್ಯಾನಿ ಐತಿ. ನಾಳೆ ಅಥಣಿಗೆ ಹೋಗೂಣು."

ಅಥಣಿಯ ಡಾಕ್ಟರು ಕಣ್ಣು ನೋಡಿ, ಕುತ್ತಿಗೆ ಮುಟ್ಟಿ, ರಕ್ತ ತಪಾಸಣೆ ಮಾಡಿಸಿದರು.

"ಥೈರಾಯ್ಡ್ ಹೆಚ್ಚಾಗೇತಿ. ಕೈ ನಡುಗೂದು, ಮೈ ಇಳಿಯೂದು ಅದಕ್ಕ. ಅದರಿಂದ ಕಣ್ಣಿನ ಹಿಂದ ಬಾವು ಬಂದು ಗುಡ್ಡಿ ಮುಂದ ತಳ್ಳೇತಿ. ರೆಪ್ಪಿ ಪೂರಾ ಮುಚ್ಚೂದಿಲ್ಲ, ಕಣ್ಣೀರು ಗಾಳಿಗೆ ಆರತೈತಿ."

"ಆರಿದ್ರ ಇಷ್ಟ ನೀರ ಯಾಕ ಸುರಿತೈತ್ರಿ?" ಎಂದಳು ತಾರವ್ವ.

"ಒಣಗಿದ ಕಣ್ಣು ಉರಿತೈತಿ, ಉರಿಗೆ ನೀರು ಬರತೈತಿ. ಆದ್ರ ಆ ನೀರು ಕಣ್ಣಾಗ ನಿಲ್ಲೂದಿಲ್ಲವ್ವ." ಡಾಕ್ಟರು ಭೀಮಸಿಯತ್ತ ತಿರುಗಿದರು. "ಬೀಡಿ ಇವತ್ತ ಬಿಡಬೇಕು. ಇಲ್ಲಂದ್ರ ಕಣ್ಣು ಇನ್ನೂ ಕೆಡತಾವ."

ಹೊರಗಿನ ಬೆಂಚಿನ ಮೇಲೆ ಕೂತು ತಾರವ್ವ ಅತ್ತಳು. "ನಾನೂ ನಿಮ್ಮನ್ನ ನಂಬಲಿಲ್ಲಲ್ರಿ."

ಭೀಮಸಿ ಬೀಡಿ ಕಟ್ಟನ್ನು ಅವಳ ಕೈಗಿಟ್ಟ. "ಇದನ್ನ ನೀನ ಒಗದ ಬಿಡು."

ಗುಳಿಗೆ, ದಿನಕ್ಕೆ ಆರು ಸಲ ಹನಿ, ಮಲಗುವಾಗ ಮುಲಾಮು, ಗಾಳಿ ತಡೆಯುವ ದೊಡ್ಡ ಕನ್ನಡಕ. ಬೀಡಿ ಬಿಟ್ಟ ಮೊದಲ ಹದಿನೈದು ದಿನ ಅವನು ಯಾರೊಂದಿಗೂ ನೆಟ್ಟಗೆ ಮಾತಾಡಲಿಲ್ಲ. ಮೂರು ತಿಂಗಳಿಗೆ ನಡುಕ ನಿಂತಿತು, ಮೈ ತುಂಬಿತು. ಮಾಳು ತಾನಾಗಿಯೇ ರಿಪೋರ್ಟು ಹಿಡಿದು ಕಟ್ಟೆಯ ಮೇಲೆ ಎಲ್ಲರಿಗೂ ತಿಳಿಸಿ ಹೇಳಿದ. ಕಣ್ಣು ಇನ್ನೂ ತುಸು ಮುಂದೇ ಇವೆ. ಅದಕ್ಕೆ ಸಮಯ ಹಿಡಿಯುತ್ತದಂತೆ.

ದೀಪಾವಳಿ ಕಳೆದು ಗಂಡ-ಹೆಂಡತಿ ಕುರಿ ಹೊಡೆದುಕೊಂಡು ಪಾಲಬಾವಿ ಕಡೆ ಹೊರಟರು. ದಾರಿಯಲ್ಲಿ ಶಾಲೆ ಹುಡುಗಿಯರು ಕನ್ನಡಕ ನೋಡಿ, "ಹೀರೋ ಬಂದಾನ!" ಎಂದು ಕಿಸಕ್ಕೆಂದರು. ಭೀಮಸಿಯೂ ನಕ್ಕು, ಶಿಳ್ಳೆ ಹಾಕಿ ಕುರಿಗಳನ್ನು ಮುಂದಕ್ಕೆ ಹೊಡೆದ.