ಒಂದು ತೊಟ್ಟು ತುಪ್ಪ

ಕುವೈತಿನಲ್ಲಿ ನಮ್ಮ ಹಬ್ಬಗಳು ಪಂಚಾಂಗದ ದಿನ ಬರುವುದಿಲ್ಲ, ಶುಕ್ರವಾರ ಬರುತ್ತವೆ. ಮಗಳಿಗೆ ಜಾಬ್ರಿಯಾದ ಆಸ್ಪತ್ರೆಯಲ್ಲಿ ಕೆಲಸ, ಅಳಿಯನಿಗೆ ಬ್ಯಾಂಕಿನಲ್ಲಿ. ಇಬ್ಬರಿಗೂ ರಜೆ ಇದ್ದ ದಿನವೇ ಯುಗಾದಿ. ನಾನು ಅಕ್ಷರ ಕೂಡಿಸಿ ಕೂಡಿಸಿ ಬರೆಯುವವಳು, ಚೆನ್ನಾಗಿ ಬರುವುದು ಅಡುಗೆ ಒಂದೇ. ಈ ವರ್ಷ ಅದಕ್ಕೂ ಕುತ್ತು ಬಂತು.

ಮೊಮ್ಮಗಳು ಕಾಲೇಜು ಸೇರಿದ ಮೇಲೆ ವೀಗನ್ ಆದಳು. ನಮ್ಮದು ಮಾಂಸ ಮೊಟ್ಟೆಯ ಮನೆಯಲ್ಲ, ಬಿಡಲಿಕ್ಕೆ ಉಳಿದದ್ದು ಹಾಲು, ಮೊಸರು, ತುಪ್ಪ. ಅದನ್ನೂ ಬಿಟ್ಟಳು. ನನ್ನ ಒಗ್ಗರಣೆಗೆ ತುಪ್ಪ ಬೀಳುತ್ತದೆಂದು ನನ್ನ ಅಡುಗೆಯನ್ನೂ ಬಿಟ್ಟಳು. ಅರಬರ ರೊಟ್ಟಿ ಖುಬ್ಜ್‌ಗೆ ರುಬ್ಬಿದ ಕಡಲೆಕಾಳು ಬಳಿದುಕೊಂಡು, ರೂಮಿನ ಬಾಗಿಲು ಹಾಕಿಕೊಂಡು ಒಬ್ಬಳೇ ತಿನ್ನುವಳು. ಮೇಜಿಗೆ ಬಂದರೆ ಅಪ್ಪನ ಕೊಂಕು. "ಹಸು ಏನಾದ್ರೂ ನಿಂಗೆ ಅರ್ಜಿ ಕೊಟ್ಟಿತ್ತೇನೇ?"

ನನಗೂ ಅದು ಹುಚ್ಚು ಅಂತಲೇ ಕಾಣುತ್ತದೆ. ಹಸು ಸಾಕಿದವಳು ನಾನು, ಹೊತ್ತಿಗೆ ಹಾಲು ಕರೆಯದಿದ್ದರೆ ಅದು ಹೇಗೆ ಅರಚುತ್ತದೆಂದು ಗೊತ್ತು. ಆದರೆ ಹಬ್ಬದ ದಿನವೂ ಹುಡುಗಿ ಬಾಗಿಲು ಹಾಕಿಕೊಂಡು ತಿಂದರೆ ಅದೊಂದು ಮನೆಯೇ?

"ಶುಕ್ರವಾರ ಎಲ್ಲರ ಜೊತೆ ಕೂತು ಉಣ್ಣು. ಒಂದು ತೊಟ್ಟು ಹಾಲು ತುಪ್ಪ ಇರಲ್ಲ" ಅಂದೆ.

"ಪ್ರಾಮಿಸ್, ಅಜ್ಜಿ?"

"ಮಾತು ಅಂದ್ರೆ ಮಾತು."

ಜಮಿಯಾ ಅಂಗಡಿಯಿಂದ ತೆಂಗಿನಹಾಲಿನ ಡಬ್ಬಿ ತರಿಸಿ ಪಾಯಸ ಕಾಯಿಸಿದೆ. ಒಬ್ಬಟ್ಟನ್ನು ಎಣ್ಣೆಯಲ್ಲಿ ಬೇಯಿಸಿದೆ. ತುಪ್ಪವಿಲ್ಲದ ಒಬ್ಬಟ್ಟು ಹೆಂಚು ಬಿಟ್ಟು ಏಳುವುದಿಲ್ಲ, ನನ್ನ ಸೊಂಟವೂ ಏಳಲಿಲ್ಲ. ನೈವೇದ್ಯಕ್ಕೆ ಮುಂಚೆ ಪಾತ್ರೆ ಪಾತ್ರೆಗೂ ತುಪ್ಪದ ತೊಟ್ಟು ಬಿಡುವ ಅಭಿಗಾರ ಈ ಸಲ ಬೇಡ ಅಂತ ಅಳಿಯನಿಗೆ ಬೆಳಿಗ್ಗೆಯೇ ಹೇಳಿದ್ದೆ. ಫೋನು ನೋಡುತ್ತಾ "ಹೂಂ ಅತ್ತೆ" ಅಂದಿದ್ದರು.

ಊಟಕ್ಕೆ ಕರೆದಿದ್ದ ಅಳಿಯನ ಬ್ಯಾಂಕಿನ ಸ್ನೇಹಿತರು, ಗಂಡ ಹೆಂಡತಿ, ಬಂದರು. ಮೊಮ್ಮಗಳೂ ರೂಮಿನಿಂದ ಬಂದು ಕುರ್ಚಿ ಎಳೆದುಕೊಂಡಳು. ನಾನು ನೀರಿನ ಲೋಟ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಅಳಿಯ ತುಪ್ಪದ ಬಟ್ಟಲು ಹಿಡಿದು, ದೇವರ ಮುಂದಿಟ್ಟಿದ್ದ ಕೊನೆಯ ಪಾತ್ರೆಯ ಹತ್ತಿರ ನಿಂತಿದ್ದರು. ಹುಡುಗಿ ಅವರ ಬೆನ್ನ ಹಿಂದೆ, ಫೋನು ನೋಡುತ್ತಾ ಕೂತಿದ್ದಳು.

"ಬೇಡ ಅಂದಿದ್ದೆನಲ್ಲ" ಅಂದೆ, ಮೆಲ್ಲಗೆ.

"ಒಂದೊಂದು ತೊಟ್ಟು ಅತ್ತೆ, ಶಾಸ್ತ್ರಕ್ಕೆ. ದೇವರಿಗೆ ಹಾಗೇ ಇಡೋಕಾಗತ್ತಾ?"

ಬಂದಿದ್ದ ಹೆಂಗಸು ನನ್ನ ಕಿವಿಯ ಹತ್ತಿರ ಬಗ್ಗಿದಳು. "ಸುಮ್ನೆ ಬಡಿಸಿ ಅಮ್ಮಾ. ಹೇಳದೆ ಇದ್ರೆ ಆಯ್ತು. ಅವಳಿಗೇನು ಗೊತ್ತಾಗತ್ತೆ?"

ಅವಳಿಗೆ ಗೊತ್ತಾಗುವುದಿಲ್ಲ ನಿಜ. ಮಾತು ಕೊಟ್ಟವಳು ನಾನು, ನನಗೆ ಗೊತ್ತು.

"ತುಪ್ಪ ಬಿದ್ದಿದೆ ಕಣೇ" ಅಂದೆ ಮೊಮ್ಮಗಳಿಗೆ, ಎಲ್ಲರಿಗೂ ಕೇಳುವ ಹಾಗೆ. "ಯಾವುದನ್ನೂ ಮುಟ್ಟಬೇಡ."

ಅಳಿಯನ ಮುಖ ಕೆಂಪಾಯಿತು. "ಬಂದವರ ಮುಂದೆ ಇದೇನತ್ತೆ? ಶಾಸ್ತ್ರ ಬಿಡೋಕಾಗತ್ತಾ?"

"ಯುಗಾದಿಯನ್ನೇ ಶುಕ್ರವಾರಕ್ಕೆ ತಳ್ಳಿದ್ರಿ. ಆಗ ಶಾಸ್ತ್ರ ಎಲ್ಲಿ ಮಲಗಿತ್ತು?"

ಮಗಳು ನನ್ನ ಸೆರಗು ಜಗ್ಗಿದಳು. ಹುಡುಗಿ "ಇಟ್ಸ್ ಓಕೆ, ಅಜ್ಜಿ" ಅಂದು ಎದ್ದಳು. ಅವಳಿಗೆ ಓಕೆ. ಬೆಳಗಿನಿಂದ ಬೆಂಕಿಯ ಮುಂದೆ ನಿಂತವಳಿಗೆ ಯಾವ ಓಕೆ?

ಅವಳ ಕೈ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದೆ. ಒಂದಿಷ್ಟು ಕಣಕ, ಹೂರಣ ಉಳಿದಿತ್ತು. ದೇವರಿಗೆ ತೋರಿಸದೆ ಯಾರಿಗೂ ಕೊಟ್ಟವಳಲ್ಲ ನಾನು, ಅವತ್ತು ಕೊಟ್ಟೆ. ಹೆಂಚಿನಿಂದ ನೇರ ಅವಳ ಕೈಗೆ. ಒಂದು ಕಡೆ ಸೀದಿತ್ತು. ಹುಡುಗಿ ನಿಂತೇ ತಿಂದಳು, "ಟೂ ಸ್ವೀಟ್" ಅಂತ ಗೊಣಗುತ್ತಾ ಇನ್ನೊಂದಕ್ಕೆ ಕೈ ಚಾಚಿದಳು. ಎಲ್ಲರ ಜೊತೆ ಕೂರಿಸಬೇಕೆಂದು ಮಾಡಿದ ಅಡುಗೆ, ಕೊನೆಗೆ ಅವಳು ಒಲೆಯ ಪಕ್ಕ, ಅವರು ಮೇಜಿನ ಸುತ್ತ.

ಹೊರಗಿನಿಂದ ಅಳಿಯ ಕೂಗಿದರು. "ಅತ್ತೆ, ಬಿಸಿ ಒಬ್ಬಟ್ಟು ಇದೆಯಾ?"

"ಶಾಸ್ತ್ರದ್ದು ನಿಮ್ಮ ಮುಂದೇನೇ ಇದೆ, ತಿನ್ನಿ" ಅಂದೆ.