ಬೇಲ್ಯಾಗಿನ ಲಕ್ಕಿ

ಮೊಮ್ಮಗಳ ಬಾಣಂತನಕ್ಕ ಹಂಡೇದಾಗ ಲಕ್ಕಿ ಸೊಪ್ಪು ಹಾಕಿ ನೀರು ಕಾಸಲಿಕ್ಕತ್ತಿದ್ರು. ಆ ಕಹಿ ವಾಸನಿ ಪಡಸಾಲಿಗೆ ಬಂದದ್ದೇ ತಡ, ನಾ ಎದ್ದು ಕಿಡಕಿ ತೆರದೆ. ಮಂದಿಗೆ ಅದು ಔಷಧದ ವಾಸನಿ. ನನಗ ಬಾಜೂ ಮನಿ ಮೌಶಿ ನೆನಪಾಗತಾಳ...

ಸ್ವಾತಂತ್ರ್ಯ ಬರೂಕಿಂತ ಭಾಳ ಮೊದಲಿನ ಮಾತು. ಧಾರವಾಡದ ಆ ಮನಿಗೆ ಸೊಸಿ ಆಗಿ ಬಂದಾಗ ನಾ ಇನ್ನೂ ಹುಡುಗಿ. ಮುಂಚಿಬಾಗಲಕ್ಕ ನಿಲ್ಲಬಾರದು ಅಂತ ಅತ್ತಿಯವರ ಕಟ್ಟಪ್ಪಣಿ. ಗಾಳಿಗೆ ಹಿತ್ತಲ ಒಂದೇ. ಮೌಶೀದೂ ಅದೇ ಹಣೇಬರಹ. ಸಣ್ಣ ವಯಸ್ಸಿನ್ಯಾಗ ಗಂಡ ಸತ್ತು, ತಲಿ ಬೋಳಿಸಿ, ಕೆಂಪು ಸೀರಿ ಉಡಿಸಿ ಮೂಲ್ಯಾಗ ಕೂಡಿಸಿದ್ರು.

ಎರಡೂ ಹಿತ್ತಲದ ನಡುವ ಮುರಕ ಬೇಲಿ ಇತ್ತು. ನನಗ ಗುಲಾಬಿ ಹಚ್ಚೋ ಆಸೆ. ಬಾವಿ ನೀರು ಹೂವಿಗೆ ಹಾಕಿದ್ರ ನಿಮ್ಮತ್ತಿ ಸುಮ್ಮನ ಬಿಟ್ಟಾರೇನು ಅಂತ ಮೌಶಿ ನಕ್ಕಳು. ಈ ಮಣ್ಣಿನ ಗಿಡಾನೇ ಹಚ್ಚು, ಮಿರಗದ ಮಳಿಯೊಳಗ ಬೇರು ಬಿಟ್ವು ಅಂದ್ರ ಮುಂದ ಯಾರನ್ನೂ ನೀರು ಕೇಳಂಗಿಲ್ಲ ಅಂದ್ಲು. ತಂಗಡಿ, ತುಂಬಿ, ಅಬ್ಬಲಿಗಿ... ಬುಡಕ್ಕ ತರಗೆಲಿ ಹರವೂದು, ಕಳಿ ಯಾವುದು ಗಿಡಾ ಯಾವುದು ಅಂತ ಎಲಿ ಮುಟ್ಟಿ ನೋಡೂದು, ಎಲ್ಲಾ ಆಕಿನೇ ಕಲಿಸಿದ್ಲು.

ಆಡು ನುಗ್ಗತಾವ ಅಂತ ಆಕಿ ಮೈದುನ ನಡುವ ಕಲ್ಲಿನ ಗೋಡಿ ಕಟ್ಟಸಲಿಕ್ಕೆ ಹೊಂಟ. ಗೋಡಿ ಎದ್ದರ ಆಕಿ ನನ್ನ ಪಾಲಿಗೆ ಸತ್ತಂಗ. ಮೌಶಿ ತಲಿ ತಗ್ಗಿಸಿ, ಗೋಡಿ ಯಾಕ, ಕವಳಿ ಹಚ್ಚಿದ್ರ ಮುಳ್ಳಿಗೆ ಆಡು ಬರಂಗಿಲ್ಲ, ಹಣ್ಣೂ ಸಿಗತಾವ ಅಂದ್ಲು. ಆಂವಾ ಒಪ್ಪಿದ. ಸಾಲು ಹಚ್ಚೂವಾಗ ಒಂದು ಕಡೆ ಕವಳಿ ಬಿಟ್ಟು ಲಕ್ಕಿ ಟೊಂಗಿ ಊರಿದ್ವಿ. ಲಕ್ಕಿಗೆ ಮುಳ್ಳಿಲ್ಲ, ಆಡೂ ಬಾಯಿ ಹಚ್ಚಂಗಿಲ್ಲ. ನೋಡಾವರಿಗೆ ಹಸರು ಬೇಲಿ, ನಮಗ ಬಾಗಲ. ಅದು ಬೆಳದ ಮ್ಯಾಲ ಮಧ್ಯಾಹ್ನ ಎಲ್ಲಾರೂ ಮಲಗಿದಾಗ ಆಕಿ ಟೊಂಗಿ ಸರಿಸಿ ಈಚಿಗೆ ಬಂದು ನನ್ನ ತಲಿ ಹಿಕ್ಕತಿದ್ಲು. ಖರೇ ಹೇಳತೀನಿ, ಆ ಮನ್ಯಾಗ ನನಗ ಹುಚ್ಚು ಹಿಡೀದೆ ಉಳದದ್ದು ಆಕಿಯಿಂದ.

ನಾ ಬಸರಾದೆ. ತವರಿನ್ಯಾಗ ಅವ್ವ ಇರಲಿಲ್ಲ, ಹಂಗಾಗಿ ಬಾಣಂತನ ಅತ್ತಿ ಮನ್ಯಾಗೇ. ಕತ್ತಲ ಖೋಲಿ, ಕಿಡಕಿ ಬಂದ್. ಎರೀಲಿಕ್ಕೆ ಕೂಡಿಸಿ ಮೊದಲ ತಂಬಿಗಿ ಹೊಯ್ದಾಗ ವಾಸನಿ ಮೂಗಿಗೆ ಬಡೀತು. ಲಕ್ಕಿ ಎಲ್ಲಿಂದ ತಂದ್ರಿ ಅಂತ ಕೇಳಿದೆ. ನಮ್ಮ ಹಿತ್ತಲದಾಗೇ ಇತ್ತಲ್ಲ, ಬುಡಮಟ ಕಡಿಸಿದೆ ಅಂದ್ರು ಅತ್ತಿ, ಬಲು ಹಿಗ್ಗಿಲೆ. ನಮ್ಮ ಬಾಗಲಾನ ಕುದಿಸಿ ನನ್ನ ಮೈಮ್ಯಾಲ ಹೊಯ್ಯಲಿಕ್ಕತ್ತಿದ್ರು. ನಾ ಅತ್ತೆ. ಹಸೀ ಬಾಣಂತಿ, ಅಳತಾಳ ಅಂದ್ರು.

ಬೇಲಿ ಬಾಯಿ ತೆರದದ್ದು, ಅಲ್ಲಿ ಸವದ ಕಾಲುದಾರಿ, ಎರಡೂ ಮೈದುನನ ಕಣ್ಣಿಗೆ ಬಿದ್ವು. ನಾ ಖೋಲಿ ಬಿಟ್ಟು ಹೊರಗ ಬರೂದರಾಗ ಆಳೆತ್ತರ ಗೋಡಿ ಎದ್ದಿತ್ತು. ಕೂಸಿನ್ನ ಎತಗೊಂಡು ಅದರ ಹತ್ರ ನಿಂತೆ. ಆಚಿಂದ ಸಣ್ಣ ದನಿ ಬಂತು.

"ಏನು ಹುಟ್ಟೇದವಾ?"

"ಹೆಣ್ಣು, ಮೌಶಿ."

ಆಚಿ ಕಡೆ ತರಗೆಲಿ ಸರಕ್ಕಂದ್ವು, ಆಕಿ ಗೋಡಿಗೆ ಇನ್ನೂ ಹತ್ರ ಬಂದ್ಲು.

"ಆಕಿನ್ನ ಮುಂಚಿಬಾಗಲದಿಂದ ಹೊರಗ ಕಳಸವಾ."

ಕಳಿಸಿದೆ. ಮಗಳನ್ನ ಸಾಲಿಗೆ ಹಾಕಲಿಕ್ಕೆ ಆಡಿದ ಜಗಳ ಆ ದೇವರಿಗೇ ಗೊತ್ತು. ಮೌಶಿ ಹೋದ ದಿವಸ ನಾನೂ ಯಾರನ್ನೂ ಕೇಳದೇ ಮುಂಚಿಬಾಗಲಕ್ಕ ಬಂದು ನಿಂತೆ. ಆಕಿನ್ನ ಹೊತಗೊಂಡು ಹೊಂಟಿದ್ರು, ಮಾರಿ ಮುಚ್ಚಿದ್ರು.

ಈಗ ಎಷ್ಟು ಕಣ್ಣು ಮುಚ್ಚಿ ಕೂತರೂ ಆಕಿ ಮಾರಿ ನೆನಪಾಗವಲ್ದು. ದನಿ ಅಷ್ಟೇ ಉಳದದ, ಗೋಡಿ ಆಚಿಂದು.